ಮಂದಗತಿಯ ಟ್ಯಾಕೋಮೀಟರು: ಹಳೆಯ ಮೋಟಾರು ಸೈಕಲ್ಲಿನ ಒಂದು ಮಾಪಕದ ದುರಸ್ತಿಯನ್ನು ಕುರಿತು

ಇತಿಹಾಸವನ್ನು ಬೋಧಿಸುವವರು ಮೋಟಾರು ಸೈಕಲ್ಲಿನ ಮಾಪಕವೊಂದರ ದುರಸ್ತಿಯನ್ನು ಕುರಿತು ಬರೆಯಹೊರಟಿರುವುದು ವಾಚಕರಲ್ಲಿ ಕೆಲವರಿಗೆ ಸೋಜಿಗವನ್ನುಂಟುಮಾಡಬಹುದು. ಶಾಸನಗಳನ್ನೂ ನಾಣ್ಯಗಳನ್ನೂ ಕಡತಗಳನ್ನೂ ಆಧಾರಗಳೆಂದು ಎಣಿಸುವ ನಾವು, ಮೊನ್ನೆಮೊನ್ನೆಯವರೆಗೆ ಜನರ ಕೈಯಲ್ಲಿ ದುಡಿದ ಯಂತ್ರಗಳನ್ನು ಆ ಸಾಲಿಗೆ ಸೇರಿಸುವುದು ಅಪರೂಪ. ಪರಿಣಾಮವಾಗಿ ಅವು ಗುಜರಿಗೆ ಹೋಗುತ್ತವೆ. ಅವುಗಳನ್ನು ಬಲ್ಲವರ ತಿಳಿವಳಿಕೆಯೂ ಅವುಗಳೊಡನೆಯೇ ಹೋಗುತ್ತದೆ. ಪ್ರಸ್ತುತ ಲೇಖನಕ್ಕೆ ಕಾರಣವಾದದ್ದು ಜೋಯಿಡಾದ ಪರಿಚಿತರೊಬ್ಬರ ಮನೆಯಲ್ಲಿ ಇಂದಿಗೂ ಓಡುತ್ತಿರುವ ಒಂದು ರಾಜದೂತ್ 350 ಬಂಡಿ.

ಈ ಬಂಡಿಯ ಪೂರ್ವೇತಿಹಾಸವನ್ನು ಎರಡು ಮಾತುಗಳಲ್ಲಿ ಹೇಳಬಹುದು. ಜಪಾನಿನ ಯಮಾಹಾ ಸಂಸ್ಥೆಯ ಆರ್.ಡಿ. 350 ಎಂಬ ಮಾದರಿಯನ್ನು ಎಸ್ಕಾರ್ಟ್ಸ್ ಸಂಸ್ಥೆಯು ನಮ್ಮ ದೇಶದಲ್ಲಿ 1983ರಿಂದ ಆ ದಶಕದ ಕೊನೆಯವರೆಗೆ ತಯಾರಿಸಿತು. ಎರಡು ಸಿಲಿಂಡರುಗಳ ಟೂ-ಸ್ಟ್ರೋಕ್ ಎಂಜಿನು ಇದರದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಮೊದಮೊದಲ ಜಾವಾ ಬಂಡಿಗಳಲ್ಲಿ ದೀಪದ ಬುರುಡೆಯ ಮೇಲೆ ಕೂರಿಸಿದ ವೇಗಮಾಪಕವೊಂದೇ ಇರುತ್ತಿತ್ತು. ರಾಜದೂತ್ 350ರಲ್ಲಾದರೋ ವೇಗಮಾಪಕದ ಪಕ್ಕದಲ್ಲಿ, ಎಂಜಿನು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆಯೆಂದು ತಿಳಿಸುವ ಟ್ಯಾಕೋಮೀಟರು ಬೇರೆಯಾಗಿಯೇ ಇದೆ. ಗ್ಯಾರೇಜಿನವರ ಬಾಯಲ್ಲಿ ಇದು 'ಆರ್.ಪಿ.ಎಂ. ಮೀಟರ್'. ಎಂಜಿನಿನ ಗೇರುಗಳಿಂದ ಹೊರಟ ಕೇಬಲ್ಲೊಂದು ಇದನ್ನು ತಿರುಗಿಸುತ್ತದೆ. ವಿದ್ಯುತ್ತಿನ ಸಂಪರ್ಕವು ಡಯಲಿನ ದೀಪಕ್ಕೆ ಮಾತ್ರ.

ಪರಿಚಿತರ ದೂರು ಇಷ್ಟು: ಎಂಜಿನು ಏರುದನಿಯಲ್ಲಿ ಕೂಗಿದರೂ ಮುಳ್ಳು ತಡವಾಗಿ ಏಳುತ್ತದೆ, ಎಂಜಿನು ತಣ್ಣಗಾದ ಮೇಲೂ ಮುಳ್ಳು ಇಳಿಯಲು ಹಿಂಜರಿಯುತ್ತದೆ. ಜೋಯಿಡಾದಿಂದ ಅಣಶಿ ಘಟ್ಟವನ್ನಿಳಿದು ಕದ್ರಾದ ಕಡೆಗೆ ಹೋಗಿಬರುವವರಿಗೆ ಇದು ಕ್ಷುಲ್ಲಕ ವಿಷಯವಲ್ಲ. ಏರಿನಲ್ಲಿ ಗೇರು ಬದಲಿಸಬೇಕಾದ ಹೊತ್ತನ್ನು ಮಾಪಕವು ತಡವಾಗಿ ಹೇಳಿದರೆ ಎಂಜಿನು ಕೆಂಪು ಗೆರೆಯನ್ನು ದಾಟಿರುತ್ತದೆ. ಹಳೆಯ ಟೂ-ಸ್ಟ್ರೋಕ್ ಎಂಜಿನಿನ ಪಿಸ್ಟನ್ನುಗಳಿಗೆ ಅಂಥ ತಪ್ಪು ಪದೇಪದೇ ಆದರೆ ಒಳ್ಳೆಯದಲ್ಲ.

ತಿರುಗುವಿಕೆಯನ್ನು ಅಳೆಯುವ ಪ್ರಯತ್ನ ಹಳೆಯದು. ಇಂಗ್ಲೆಂಡಿನ ಬ್ರಯನ್ ಡಾಂಕಿನ್ ಎಂಬ ಯಂತ್ರಶಿಲ್ಪಿ ತಿರುಗುವ ಬಟ್ಟಲಿನ ಪಾದರಸವು ನಡುವೆ ತಗ್ಗಾಗುವುದನ್ನು ಬಳಸಿಕೊಂಡು ಒಂದು ಮಾಪಕವನ್ನು ರಚಿಸಿ, 1810ರಲ್ಲಿ ಅದಕ್ಕಾಗಿ ಚಿನ್ನದ ಪದಕವನ್ನು ಪಡೆದನು. ನಮ್ಮ ಮಾಪಕದ ವಂಶವು ಬೇರೆ. 1820ರ ದಶಕದಲ್ಲಿ ಫ್ರಾನ್ಸಿನ ಅರಾಗೋ, ತಾಮ್ರದ ತಟ್ಟೆಯನ್ನು ತಿರುಗಿಸಿದಾಗ ಅದರ ಮೇಲೆ ತೂಗುಬಿಟ್ಟ ಕಾಂತದ ಸೂಜಿಯೂ ಹಿಂಬಾಲಿಸುವುದನ್ನು ಕಂಡನು. ತಾಮ್ರವು ಕಾಂತಕ್ಕೆ ಅಂಟುವ ಲೋಹವಲ್ಲವಾದುದರಿಂದ ವಿದ್ವಾಂಸರಿಗೆ ಇದು ಒಗಟಾಯಿತು. 1831ರಲ್ಲಿ ಫ್ಯಾರಡೆಯು ವಿದ್ಯುತ್ಪ್ರೇರಣೆಯನ್ನು ಕಂಡುಹಿಡಿದ ಮೇಲೆ ಒಗಟು ಬಿಡಿಸಿತು: ಲೋಹದೊಳಗೆ ಸುಳಿಸುಳಿಯಾಗಿ ಹರಿಯುವ ಪ್ರವಾಹಗಳೇ ಈ ಎಳೆತಕ್ಕೆ ಕಾರಣ. ಜರ್ಮನಿಯ ಓಟ್ಟೋ ಶುಲ್ಟ್ಸೆ ಇದೇ ತತ್ವವನ್ನು ವೇಗಮಾಪಕಕ್ಕೆ ಅಳವಡಿಸಿ 1902ರಲ್ಲಿ ಪೇಟೆಂಟು ಪಡೆದನು. ಜೋಯಿಡಾದ ಬಂಡಿಯಲ್ಲಿರುವುದು ಮೂಲತಃ ಅದೇ ಯಂತ್ರ.

ಅದರ ರಚನೆ ಹೀಗೆ. ಕೇಬಲ್ಲು ಒಂದು ಪುಟ್ಟ ಕಾಂತವನ್ನು ತಿರುಗಿಸುತ್ತದೆ. ಕಾಂತವನ್ನು ಮುಟ್ಟದಂತೆ ಅಲ್ಯೂಮಿನಿಯಮ್ಮಿನ ಬಟ್ಟಲೊಂದು ಅದನ್ನು ಆವರಿಸಿದೆ. ಬಟ್ಟಲಿನ ಅಚ್ಚಿಗೆ ಮುಳ್ಳನ್ನೂ ಕೂದಲೆಳೆಯಂಥ ಸುರುಳಿ ಸ್ಪ್ರಿಂಗನ್ನೂ ಜೋಡಿಸಿರುತ್ತಾರೆ. ಕಾಂತದ ಎಳೆತವು ವೇಗಕ್ಕೆ ಅನುಗುಣವಾಗಿಯೂ, ಸ್ಪ್ರಿಂಗಿನ ತಡೆಯು ಮುಳ್ಳು ತಿರುಗಿದ ಕೋನಕ್ಕೆ ಅನುಗುಣವಾಗಿಯೂ ಹೆಚ್ಚುತ್ತದೆ. ಇವೆರಡೂ ಸಮವಾದಲ್ಲಿ ಮುಳ್ಳು ನಿಲ್ಲುತ್ತದೆ. ಡಯಲಿನ ಅಂಕೆಗಳು ಸಮಾಂತರದಲ್ಲಿರುವುದಕ್ಕೆ ಕಾರಣವೂ ಇದೇ. ಇಲ್ಲಿ ಕೆಲಸ ಮಾಡುವ ಬಲಗಳು ಅತ್ಯಲ್ಪ. ಅಚ್ಚಿನ ತುದಿಯಲ್ಲಿ ಒಂದಿಷ್ಟು ಜಿಡ್ಡು ಗಟ್ಟಿಯಾದರೂ ಸಾಕು, ಮಾಪಕವು ಸುಳ್ಳು ಹೇಳತೊಡಗುತ್ತದೆ.

ಎಲ್ಲ ದೋಷವೂ ಒಂದೇ ಬಗೆಯದಲ್ಲ. ಇಲ್ಲಿ ವಿವೇಚನೆ ಅಗತ್ಯ. ಮುಳ್ಳು ನಿಧಾನವಾಗಿಯಾದರೂ ಕೊನೆಗೆ ಸರಿಯಾದ ಅಂಕೆಗೆ ಬಂದರೆ ಹಳೆಯ ಎಣ್ಣೆಯು ಮಂದವಾಗಿದೆಯೆಂದು ತಿಳಿಯಬೇಕು. ತಪ್ಪು ಅಂಕೆಯಲ್ಲಿ ನಿಂತಿದ್ದು, ಗಾಜನ್ನು ಬೆರಳಿನಿಂದ ತಟ್ಟಿದೊಡನೆ ಮುಂದೆ ಸರಿದರೆ ಅಚ್ಚಿನಲ್ಲಿ ಒಣ ಘರ್ಷಣೆಯಿದೆ. ಏರುವಾಗಲೂ ಇಳಿಯುವಾಗಲೂ ಒಂದೇ ಪ್ರಮಾಣದಲ್ಲಿ ಕಡಿಮೆ ತೋರಿಸುತ್ತಿದ್ದರೆ ಘರ್ಷಣೆಯನ್ನು ದೂಷಿಸಲಾಗದು. ಕಾಂತವು ಬಲಗುಂದಿರಬಹುದು, ಅಥವಾ ಹಿಂದೆ ಯಾರೋ ಮುಳ್ಳನ್ನು ತಪ್ಪು ಸ್ಥಾನದಲ್ಲಿ ಕೂರಿಸಿರಬಹುದು. ಮುಳ್ಳು ಕುಣಿಯುತ್ತಿದ್ದರೆ ಮೀಟರನ್ನು ಬಿಚ್ಚುವುದಕ್ಕೆ ಮೊದಲು ಕೇಬಲ್ಲನ್ನು ನೋಡತಕ್ಕದ್ದು.

ನಾವು ಮಾಪಕವನ್ನು ಹಳಿಯಾಳದ ಹಿರಿಯ ಮೆಕ್ಯಾನಿಕರೊಬ್ಬರಿಗೆ ತೋರಿಸಿದಾಗ ಅವರು ಕೇಬಲ್ಲಿನ ಒಳತಂತಿಯನ್ನು ಹೊರಗೆಳೆದು ನೋಡಿ, "ಮೀಟರ್ ಕೆಟ್ಟಿಲ್ರೀ ಸರ್, ಗ್ರೀಸ್ ಕುಡದು ಮಲಗೈತಿ" ಎಂದರು. ಈ ಮಾತಿನಲ್ಲಿ ರೋಗದ ಕಾರಣವೆಲ್ಲವೂ ಅಡಗಿತ್ತು. ಒಳತಂತಿಯು ಸುರುಳಿಯಾಗಿ ಹೆಣೆದದ್ದು. ತಿರುಗುವಾಗ ಅದು ಆರ್ಕಿಮಿಡೀಸನ ತಿರುಪಿನಂತೆ ಗ್ರೀಸನ್ನು ಮೇಲಕ್ಕೆ ಏರಿಸುತ್ತದೆ. ಕೇಬಲ್ಲಿಗೆ ತುದಿಯಿಂದ ತುದಿಯವರೆಗೆ ಗ್ರೀಸು ಬಳಿಯುವವರು, ತಿಳಿಯದೆ ಅದನ್ನು ಮೀಟರಿನೊಳಗೆ ಕಳುಹಿಸುತ್ತಾರೆ. ಮೇಲ್ತುದಿಯ ಒಂದು ಗೇಣಿನಷ್ಟು ಭಾಗವನ್ನು ಒಣಗಿದಂತೆಯೇ ಬಿಡುವುದು ಕ್ರಮ. ಜೋಯಿಡಾದ ಮಳೆಗಾಲದ ತೇವವೂ ಬೇಸಿಗೆಯ ಕೆಂಧೂಳೂ ಈ ಗ್ರೀಸಿನೊಡನೆ ಬೆರೆತರೆ ಆಗುವುದು ಅಂಟು.

ಬಿಚ್ಚುವ ಕೆಲಸದಲ್ಲಿ ಅವಸರ ಸಲ್ಲದು. ಗಾಜನ್ನು ಹಿಡಿದಿರುವ ಕಟ್ಟುಬಳೆಯ ಮಡಿಕೆಯನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಸುತ್ತಲೂ ಸ್ವಲ್ಪ ಸ್ವಲ್ಪವಾಗಿ ಎಬ್ಬಿಸಬೇಕು. ಒಂದೇ ಕಡೆ ಒತ್ತಿದರೆ ಬಳೆಯು ಹರಿಯುತ್ತದೆ. ಮುಳ್ಳನ್ನು ಕೀಳುವ ಮೊದಲು ಒಂದು ಎಚ್ಚರಿಕೆ ಅತ್ಯಗತ್ಯ. ಸೊನ್ನೆಯ ಬಳಿಯಿರುವ ತಡೆಗಡ್ಡಿಯ ಮೇಲೆ ಮುಳ್ಳು ಸ್ಪ್ರಿಂಗಿನ ಬಿಗಿಯಿಂದ ಒರಗಿಕೊಂಡಿರುತ್ತದೆ. ಅದನ್ನು ಮೆಲ್ಲನೆ ಗಡ್ಡಿಯಿಂದ ಪಾರುಮಾಡಿ, ಸ್ವತಂತ್ರವಾಗಿ ಬಿಟ್ಟಾಗ ಎಲ್ಲಿ ನಿಲ್ಲುವುದೋ ಆ ಸ್ಥಾನವನ್ನು ಡಯಲಿನ ಅಂಚಿನಾಚೆ ಗುರುತು ಮಾಡಿಕೊಳ್ಳತಕ್ಕದ್ದು. ಮರಳಿ ಜೋಡಿಸುವಾಗ ಮುಳ್ಳನ್ನು ಕೂರಿಸಬೇಕಾದದ್ದು ಆ ಗುರುತಿಗೆ, ಸೊನ್ನೆಗಲ್ಲ. ಈ ಗುರುತನ್ನು ಮರೆತವರ ಮೀಟರು ಎಂದೆಂದಿಗೂ ತಪ್ಪು ಹೇಳುತ್ತದೆ. ಇನ್ನೂ ಹಳೆಯ ಕಾಲದ, ಕತ್ತಲೆಯಲ್ಲಿ ಹೊಳೆಯುತ್ತಿದ್ದ ಡಯಲುಗಳನ್ನು ತೆರೆಯುವವರು ಅವುಗಳ ಬಣ್ಣವನ್ನು ಕೆರೆಯಕೂಡದು. 1960ರ ದಶಕಕ್ಕೆ ಹಿಂದಿನ ಅಂಥ ಅನೇಕ ಡಯಲುಗಳಿಗೆ ರೇಡಿಯಂ ಬಳಿದಿರುತ್ತಿದ್ದರು.

ಒಳಗೆ ನಾವು ಕಂಡದ್ದು ಹಳದಿ ಮೇಣದಂತಾಗಿದ್ದ ಗ್ರೀಸು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ, ಚೂಪಾಗಿ ಸೀಳಿದ ಬಿದಿರಿನ ಕಡ್ಡಿಯಿಂದ ಅಚ್ಚಿನ ಎರಡೂ ತುದಿಗಳನ್ನೂ ಬಟ್ಟಲಿನ ಒಳಮೈಯನ್ನೂ ಒರೆಸಲಾಯಿತು. ಉಕ್ಕಿನ ಸಲಕರಣೆಯನ್ನು ಕಾಂತದ ಬಳಿ ತರಲಿಲ್ಲ; ಅರದ ಪುಡಿಯ ಒಂದು ಕಣ ಸಿಕ್ಕಿಕೊಂಡರೂ ಬಟ್ಟಲು ಉಜ್ಜಿಕೊಳ್ಳುತ್ತದೆ. ಡಯಲಿನ ಮೇಲೆ ದ್ರವವನ್ನು ಚಿಮ್ಮಿಸಿದರೆ ಅಂಕೆಗಳೇ ಅಳಿಸಿಹೋಗುತ್ತವೆ. ಬಳಿಕ ಕಾಂತದ ದಂಡದ ಬುಷ್ಷಿಗೆ ಗಡಿಯಾರದ ಎಣ್ಣೆಯ ಒಂದು ತೊಟ್ಟು; ಮುಳ್ಳಿನ ಅಚ್ಚಿಗೆ ಸೂಜಿಯ ಮೊನೆಯಲ್ಲಿ ನಿಂತಷ್ಟು ಮಾತ್ರ. ಸ್ಪ್ರಿಂಗಿಗೆ ಏನೂ ಇಲ್ಲ.

ಪರೀಕ್ಷೆಗೆ ನಾವು ಅನುಸರಿಸಿದ ಕ್ರಮವು ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ರುಚಿಸೀತು. ವೇಗ ಬದಲಿಸಬಹುದಾದ ಕೈಡ್ರಿಲ್ಲಿನಿಂದ, ಕೇಬಲ್ಲು ತಿರುಗುವ ದಿಕ್ಕಿನಲ್ಲಿಯೇ, ಮಾಪಕವನ್ನು ತಿರುಗಿಸಬೇಕು. ಡ್ರಿಲ್ಲಿನ ಮೂತಿಗೆ ಒಂದು ಬಿಳಿ ಗೆರೆಯುಳ್ಳ ಕಪ್ಪು ರಟ್ಟಿನ ಬಿಲ್ಲೆಯನ್ನು ಸಿಕ್ಕಿಸಿ, ಹಳೆಯ ಚೋಕ್ ಇರುವ ಟ್ಯೂಬ್‌ಲೈಟಿನ ಬೆಳಕಿನಲ್ಲಿ ನೋಡಬೇಕು. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದಾದುದರಿಂದ ಈ ಬೆಳಕು ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಬಿಲ್ಲೆಯು ಸೆಕೆಂಡಿಗೆ 25 ಸುತ್ತು, ಅಂದರೆ ನಿಮಿಷಕ್ಕೆ 1500 ಸುತ್ತು ತಿರುಗಿದಾಗ ಒಂದೇ ಗೆರೆಯು ನಾಲ್ಕಾಗಿ, ಶಿಲುಬೆಯಂತೆ, ನಿಶ್ಚಲವಾಗಿ ಕಾಣುತ್ತದೆ. ಎಂಜಿನಿನ ನಾಲ್ಕು ಸುತ್ತಿಗೆ ಕೇಬಲ್ಲಿನ ಒಂದು ಸುತ್ತು ಎಂಬ ಅನುಪಾತದ ಮೀಟರಾಗಿದ್ದರೆ ಆಗ ಮುಳ್ಳು 6000ವನ್ನು ತೋರಿಸಬೇಕು. ಅನುಪಾತವು ಬೇರೆ ಬೇರೆ ಮೀಟರುಗಳಲ್ಲಿ ಬೇರೆಯಾಗಿರುವುದರಿಂದ ಮೊದಲು ಅದನ್ನು ತಿಳಿದುಕೊಂಡು ಲೆಕ್ಕ ಹಾಕಬೇಕು. ಎಲ್.ಇ.ಡಿ. ದೀಪಗಳನ್ನು ಈ ಕೆಲಸಕ್ಕೆ ನಂಬಲಾಗದು.

ಒಂದೇ ವೇಗವನ್ನು ಕೆಳಗಿನಿಂದ ಏರಿಯೂ ಮೇಲಿನಿಂದ ಇಳಿದೂ ಮುಟ್ಟಿ, ಎರಡು ಅಂಕೆಗಳ ಅಂತರವನ್ನು ನೋಡುವುದು ಮುಖ್ಯ. ಘರ್ಷಣೆಯು ಏರುವಾಗ ಮುಳ್ಳನ್ನು ಹಿಂದಕ್ಕೂ ಇಳಿಯುವಾಗ ಮುಂದಕ್ಕೂ ಹಿಡಿಯುವುದರಿಂದ, ಆ ಅಂತರದ ಅರ್ಧವೇ ಘರ್ಷಣೆಯ ಅಳತೆ. ದುರಸ್ತಿಗೆ ಮೊದಲು, 4000 ತೋರಿಸಬೇಕಾದಲ್ಲಿ ನಮ್ಮ ಮಾಪಕವು ಏರುವಾಗ 3200ನ್ನೂ ಇಳಿಯುವಾಗ 4700ನ್ನೂ ತೋರಿಸಿತ್ತು. ತರುವಾಯ ಎರಡೂ ಅಂಕೆಗಳು ಮುಳ್ಳಿನ ದಪ್ಪದೊಳಗೆ ಅಡಗಿದವು.

ಇನ್ನೊಂದು ಸಂಗತಿಯನ್ನು ಹೇಳದೆ ಬಿಡಲಾಗದು. ಡಯಲಿನ ಬೆನ್ನಿನಲ್ಲಿ ಸೂಜಿಯಿಂದ ಗೀಚಿದ ಎರಡು ಅಕ್ಷರಗಳೂ ೧೯೯೪ ಎಂಬ ಕನ್ನಡ ಅಂಕೆಗಳೂ ಇದ್ದವು. ಹಳಿಯಾಳದ ಮೆಕ್ಯಾನಿಕರು ನೋಡಿದೊಡನೆ ಗುರುತಿಸಿದರು: ಅದು ಬಹಳ ಹಿಂದೆಯೇ ಅಂಗಡಿ ಮುಚ್ಚಿದ ಒಬ್ಬ ವಾಚು ರಿಪೇರಿಯವರ ಗುರುತು. ದಾಂಡೇಲಿಯಿಂದಲೂ ಮುಂಡಗೋಡಿನಿಂದಲೂ ಅವರಲ್ಲಿಗೆ ಮೀಟರುಗಳು ಬರುತ್ತಿದ್ದವಂತೆ. ಕೂದಲೆಳೆಯ ಸ್ಪ್ರಿಂಗನ್ನು ಮುಟ್ಟಬಲ್ಲ ಕೈ ಆಗ ಇದ್ದದ್ದು ಗ್ಯಾರೇಜಿನಲ್ಲಲ್ಲ, ವಾಚಿನ ಅಂಗಡಿಯಲ್ಲಿ. ಈ ಕಸುಬಿನ ಸಂಬಂಧವನ್ನು ತಿಳಿಸುವ ಕಾಗದಪತ್ರವೊಂದನ್ನೂ ನಾವು ಈವರೆಗೆ ಕಂಡಿಲ್ಲ; ಗೀಚಿದ ಆ ಎರಡು ಅಕ್ಷರಗಳೇ ನಮಗೆ ದೊರೆತ ಆಧಾರ.

ಪರಿಚಿತರು ಮಾಸಿದ ಡಯಲನ್ನು ತೆಗೆದು ಹೊಸದನ್ನು ಹಾಕಿಸಬೇಕೆಂದಿದ್ದರು. ಬೆನ್ನಿನ ಬರಹವನ್ನು ತೋರಿಸಿದ ಮೇಲೆ ಆ ವಿಚಾರವನ್ನು ಕೈಬಿಟ್ಟರು. ಮೆಕ್ಯಾನಿಕರು ಅದರ ಕೆಳಗೆ ತಮ್ಮ ಹೆಸರಿನ ಮೊದಲ ಅಕ್ಷರವನ್ನೂ ಈ ವರ್ಷವನ್ನೂ ಗೀಚಿ, ಕಟ್ಟುಬಳೆಯನ್ನು ಮಡಿಸಿದರು.