ಅಲ್ಲೇಲೂಯ ಅಮೆರಿಕದಿಂದ ಬಂದ ಸರಕಲ್ಲ

ಮಳವಳ್ಳಿಯಿಂದ ಶಿವನಸಮುದ್ರದ ಬ್ಲಫ್‌ವರೆಗೆ ಯಾವ ಊರಿನಲ್ಲಿ ಬೇಕಾದರೂ ಕೇಳಿ. ಕೈತಟ್ಟಿ, ಕುಣಿದು, ಗಂಟಲು ಕಟ್ಟುವಷ್ಟು ಗಟ್ಟಿಯಾಗಿ ಪ್ರಾರ್ಥನೆ ಮಾಡುವ ಕ್ರೈಸ್ತರಿಗೆ ಒಂದೇ ಹೆಸರು: ‘ಅಲ್ಲೇಲೂಯದೋರು’. ಹೆಸರಿನ ಹಿಂದೆ ಒಂದು ನಗು, ನಗುವಿನ ಬೆನ್ನಿಗೇ ಒಂದು ತೀರ್ಪು: ‘ಇದೆಲ್ಲ ಅಮೆರಿಕದೋರು ಕಲಿಸಿದ್ದು ಕಣಪ್ಪ, ನಮ್ಮ ಮಣ್ಣಿಂದಲ್ಲ.’ ಟೀ ಅಂಗಡಿಯಲ್ಲಿ ಹೇಳುವವರ ಮೇಲೆ ನನಗೆ ಬೇಸರವಿಲ್ಲ. ಪುಸ್ತಕ ಓದಿದವರು, ಪಾಠ ಹೇಳುವವರು ಇದನ್ನೇ ಇತಿಹಾಸವೆಂಬಂತೆ ಹೇಳಿದಾಗ ಸಿಟ್ಟು ಬರುತ್ತದೆ. ಏಕೆಂದರೆ ಈ ಕತೆಯ ಮುಖ್ಯ ಪಾತ್ರ ಹುಟ್ಟಿದ್ದೇ ನಮ್ಮ ಕರ್ನಾಟಕದಲ್ಲಿ.

ಪಂಡಿತಾ ರಮಾಬಾಯಿಯವರು ಹುಟ್ಟಿದ್ದು 1858ರ ಏಪ್ರಿಲ್ 23ರಂದು, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಊರವರ ವಿರೋಧ ಕಟ್ಟಿಕೊಂಡು ಕಾಡಿನಲ್ಲಿ ಮನೆ ಮಾಡಿದ ವಿದ್ವಾಂಸರು. ಮಗಳು ತಾಯಿಯ ಬಾಯಿಂದಲೇ ಸಂಸ್ಕೃತ ಕಲಿತಳು, ಊರೂರು ಅಲೆಯುತ್ತಾ ಪುರಾಣ ಹೇಳಿದಳು. 1870ರ ದಶಕದ ಬರ ತಂದೆ ತಾಯಿಯನ್ನು ಕಿತ್ತುಕೊಂಡಿತು. 1878ರಲ್ಲಿ ಕಲ್ಕತ್ತದ ವಿದ್ವಾಂಸರು ಇಪ್ಪತ್ತು ವರ್ಷದ ಆಕೆಗೆ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. 1883ರಲ್ಲಿ ಇಂಗ್ಲೆಂಡಿನಲ್ಲಿ ಅವರು ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಆಮೇಲೆ ಭಾರತಕ್ಕೆ ಮರಳಿ ಬಂದು ವಿಧವೆಯರಿಗೆ ಶಾರದಾ ಸದನ ಕಟ್ಟಿದರು. ಪುಣೆಯ ಹತ್ತಿರದ ಕೇಡಗಾಂವ್‌ನಲ್ಲಿ ಮುಕ್ತಿ ಆಶ್ರಮ ಶುರುಮಾಡಿ, 1890ರ ದಶಕದ ಕೊನೆಯ ಬರಗಾಲಗಳಲ್ಲಿ ಹಸಿದು ಸಾಯುತ್ತಿದ್ದ ಹೆಣ್ಣುಮಕ್ಕಳನ್ನು ನೂರಾರು ಲೆಕ್ಕದಲ್ಲಿ ಕರೆತಂದು ಸಾಕಿದರು.

ಆ ಮುಕ್ತಿಯಲ್ಲಿ 1905ರ ಜೂನ್ ಕೊನೆಯಲ್ಲಿ ನಡೆದದ್ದು ಇಲ್ಲಿ ಮುಖ್ಯ. ವರ್ಷದ ಆರಂಭದಿಂದ ಹುಡುಗಿಯರು ಗುಂಪು ಕಟ್ಟಿಕೊಂಡು ದಿನವೂ ಪ್ರಾರ್ಥನೆ ಮಾಡುತ್ತಿದ್ದರು. ಒಂದು ರಾತ್ರಿ ಒಬ್ಬ ಹುಡುಗಿ ಮೈಯಲ್ಲಿ ಬೆಂಕಿ ಹೊತ್ತಿದ ಅನುಭವವಾಗಿ ಎದ್ದು ಕೂತಳು. ಮುಂದಿನ ದಿನಗಳಲ್ಲಿ ಅದು ಆಶ್ರಮದ ತುಂಬ ಹರಡಿತು. ಅಳು, ನಡುಕ, ನೆಲಕ್ಕೆ ಬೀಳುವುದು, ನೂರಾರು ಹುಡುಗಿಯರು ಒಟ್ಟಿಗೇ ದನಿಯೆತ್ತಿ ಪ್ರಾರ್ಥಿಸುವುದು, ತಪ್ಪು ಒಪ್ಪಿಕೊಳ್ಳುವುದು, ಹಾಡು, ಕುಣಿತ. 1906ರ ಕೊನೆಯ ಹೊತ್ತಿಗೆ ಸಭೆಯವರು ‘ಅನ್ಯಭಾಷೆ’ ಎನ್ನುವ, ತಾವು ಕಲಿಯದ ನುಡಿಯಲ್ಲಿ ಮಾಡುವ ಪ್ರಾರ್ಥನೆಯೂ ಅಲ್ಲಿ ಕಂಡಿತು. ಆಗಲೂ ನಗುವವರಿದ್ದರು. ಇಷ್ಟು ಗದ್ದಲ ಸಭ್ಯತೆಯಲ್ಲ ಎಂದು ಮುಖ ಸಿಂಡರಿಸಿದವರಲ್ಲಿ ಬಿಳಿಯ ಮಿಷನರಿಗಳೂ ಇದ್ದರು. ರಮಾಬಾಯಿಯವರು ತಮ್ಮ ‘ಮುಕ್ತಿ ಪ್ರೇಯರ್ ಬೆಲ್’ ಪತ್ರಿಕೆಯಲ್ಲಿ ತಮ್ಮ ಹುಡುಗಿಯರ ಪರವಾಗಿ ಬರೆದರು. ಭಾರತದ ಹೆಣ್ಣುಮಕ್ಕಳು ಭಾರತದವರಂತೆಯೇ ದೇವರ ಮುಂದೆ ಅಳಲಿ, ಹಾಡಲಿ ಎಂಬುದು ಅವರ ನಿಲುವು.

ಈಗ ತಾರೀಖು ಹೋಲಿಸಿ ನೋಡಿ. ಅಮೆರಿಕದ ಪೆಂತೆಕೋಸ್ತ ಚಳವಳಿಯ, ಅಂದರೆ ಹೀಗೆ ಕೂಗಿ ಪ್ರಾರ್ಥಿಸುವ ಸಭೆಗಳ, ತವರೆಂದು ಎಲ್ಲರೂ ತೋರಿಸುವ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯ ಸಭೆ ಶುರುವಾದದ್ದು 1906ರ ಏಪ್ರಿಲ್‌ನಲ್ಲಿ. ಅದನ್ನು ನಡೆಸಿದ ವಿಲಿಯಂ ಸೀಮೋರ್ ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯ ದಂಪತಿಗಳ ಮಗ. ಅಲ್ಲಿಂದ ಹೊರಟ ಗಾರ್ ದಂಪತಿ ಕಲ್ಕತ್ತ ಮುಟ್ಟಿ ಬೋಧಿಸತೊಡಗಿದ್ದು 1907ರ ಹೊತ್ತಿಗೆ. ಕೇಡಗಾಂವ್‌ನ ಹುಡುಗಿಯರು ಅಷ್ಟರಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಕೂಗಿ ಪ್ರಾರ್ಥಿಸಿ ಆಗಿತ್ತು. ಕಾನ್ಸಸ್‌ನ ಟೊಪೀಕಾದಲ್ಲಿ 1901ರಲ್ಲೇ ಅನ್ಯಭಾಷೆ ಕೇಳಿತ್ತಲ್ಲ ಎಂದು ಬಲ್ಲವರು ವಾದಿಸಬಹುದು. ಅವರು 1860ರ ತಿರುನೆಲ್ವೇಲಿ ಸೀಮೆಯನ್ನು ನೋಡಲಿ. ಜಾನ್ ಕ್ರಿಶ್ಚಿಯನ್ ಅರುಳಪ್ಪನ್ ಎಂಬ ತಮಿಳು ಬೋಧಕರ ಸಭೆಗಳಲ್ಲಿ ನಡುಕ, ಪ್ರವಾದನೆ, ಅನ್ಯಭಾಷೆ ಎಲ್ಲವೂ ದಾಖಲಾಗಿವೆ. ಟೊಪೀಕಾಗಿಂತ ನಲವತ್ತು ವರ್ಷ ಮೊದಲು!

ವೇಲ್ಸ್‌ನಲ್ಲಿ 1904ರಲ್ಲಿ ಎದ್ದ ‘ಉಜ್ಜೀವನ’ ಎಂಬ ಪ್ರಾರ್ಥನೆಯ ಅಲೆಯ ಸುದ್ದಿ ಮುಕ್ತಿಗೂ ತಲುಪಿತ್ತು, ಹುರುಪನ್ನೂ ಕೊಟ್ಟಿತ್ತು. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಹರಿವು ಒಂದೇ ಕಡೆಗೆ ಇರಲಿಲ್ಲ. ಮುಕ್ತಿಯಲ್ಲಿ ರಮಾಬಾಯಿಯವರ ಜೊತೆ ದುಡಿಯುತ್ತಿದ್ದ ಮಿನ್ನೀ ಏಬ್ರಮ್ಸ್ 1906ರಲ್ಲಿ ತಾವು ಅಲ್ಲಿ ಕಂಡದ್ದನ್ನು ಪುಸ್ತಕವಾಗಿ ಬರೆದು ದಕ್ಷಿಣ ಅಮೆರಿಕದ ಚಿಲಿಯಲ್ಲಿದ್ದ ಹಳೆಯ ಸಹಪಾಠಿಗೆ ಕಳಿಸಿದರು. ಆ ಗೆಳತಿ, ಮಿಷನರಿ ವಿಲ್ಲಿಸ್ ಹೂವರ್ ಅವರ ಪತ್ನಿ. ಪುಸ್ತಕ ಓದಿದ ಅವರ ಸಭೆಯಲ್ಲಿ 1909ರಲ್ಲಿ ಎದ್ದ ಚಳವಳಿಯೇ ಇವತ್ತಿನ ಚಿಲಿಯ ಪೆಂತೆಕೋಸ್ತ ಸಭೆಗಳ ಬೇರು. ಗಂಗಾಮೂಲದಲ್ಲಿ ಹುಟ್ಟಿದ ಹೆಂಗಸಿನ ಆಶ್ರಮದಿಂದ ಹೊರಟದ್ದು ಪೆಸಿಫಿಕ್ ದಡದ ಚರ್ಚುಗಳನ್ನು ಅಲ್ಲಾಡಿಸಿತು. ಇದನ್ನು ಅಮೆರಿಕದಿಂದ ಬಂದದ್ದು ಅನ್ನುವುದು ಯಾವ ನ್ಯಾಯ?

ಅಮೆರಿಕದಿಂದ ಬಂದದ್ದು ಯಾವುದೆಂದು ಬ್ಲಫ್‌ನವರಿಗೆ ಬೇರೆ ಯಾರೂ ಹೇಳಬೇಕಿಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿಸಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿದ ವಿದ್ಯುತ್ ಯಂತ್ರಗಳನ್ನು ಕೊಟ್ಟದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ. ಆ ಕರೆಂಟನ್ನು ನಾವು ನೂರಿಪ್ಪತ್ತು ವರ್ಷಗಳಿಂದ ನಮ್ಮದೆಂದೇ ಹೆಮ್ಮೆಪಡುತ್ತಿದ್ದೇವೆ, ಪಡಬೇಕಾದ್ದೇ.

ಅಮೆರಿಕದಲ್ಲೂ ಕೂಗಿ ಕುಣಿದು ಪ್ರಾರ್ಥಿಸುವವರಿಗೆ ಇಂಥದೇ ಅಡ್ಡಹೆಸರಿತ್ತು: ‘ಹೋಲಿ ರೋಲರ್’, ದೇವರ ಹೆಸರಿನಲ್ಲಿ ಉರುಳಾಡುವವರು. ಬಡ ಬಿಳಿಯರು, ಕರಿಯರು ಮರದ ಹಲಗೆಯ ಚರ್ಚುಗಳಲ್ಲಿ ಕುಣಿಯುವುದನ್ನು ಕಂಡ ಪೇಟೆಯವರು ಇಟ್ಟ ಹೆಸರು. 1906ರ ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಅಜೂಸಾ ಬೀದಿಯ ಬಗ್ಗೆ ಮೊದಲ ಸುದ್ದಿ ಬರೆದಾಗ ಬಳಸಿದ್ದು ಇದೇ ಹೀಯಾಳಿಕೆಯ ದನಿ. ಆಮೇಲೆ ಏನಾಯಿತು? ಆ ಚರ್ಚುಗಳ ಚಪ್ಪಾಳೆ, ಗಿಟಾರು, ಕೂಗುಗಳೇ ಜಗತ್ತನ್ನು ಕುಣಿಸಿದವು. ಎಲ್ವಿಸ್ ಪ್ರೀಸ್ಲಿ ಬೆಳೆದದ್ದು ಅಸೆಂಬ್ಲೀಸ್ ಆಫ್ ಗಾಡ್ ಸಭೆಯಲ್ಲಿ. ಎಲೆಕ್ಟ್ರಿಕ್ ಗಿಟಾರ್ ಹಿಡಿದು ರಾಕ್ ಸಂಗೀತಕ್ಕೆ ದಾರಿ ಮಾಡಿದ ಸಿಸ್ಟರ್ ರೊಸೆಟಾ ಥಾರ್ಪ್ ಹಾಡಲು ಕಲಿತದ್ದು ಕರಿಯರ ಪೆಂತೆಕೋಸ್ತ ಚರ್ಚಿನಲ್ಲಿ. ಜೇಮ್ಸ್ ಬಾಲ್ಡ್ವಿನ್ 1953ರ ತಮ್ಮ ಮೊದಲ ಕಾದಂಬರಿಯನ್ನು ಹಾರ್ಲೆಮ್‌ನ ಅಂಥ ಸಭೆಯೊಳಗೇ ಇಟ್ಟು ಬರೆದರು. ಬೀಟಲ್ಸ್ 1969ರ ‘ಕಮ್ ಟುಗೆದರ್’ ಹಾಡಿನಲ್ಲಿ ಆ ಅಡ್ಡಹೆಸರನ್ನೇ ಎತ್ತಿಕೊಂಡರು. ನಮ್ಮಲ್ಲಿ ಅದರ ಸೋದರ ಹೆಸರು ಸಿನಿಮಾ ಕಾಮಿಡಿಗೆ ಮಾತ್ರ ಬಳಕೆಯಾಯಿತು. ಬಿಳಿ ಅಂಗಿಯವನೊಬ್ಬ ಎರಡು ಕೈ ಮೇಲೆತ್ತಿ ಕೂಗಿದರೆ ಥಿಯೇಟರಿನಲ್ಲಿ ನಗು ಖಂಡಿತ.

ಇನ್ನು ‘ನಮ್ಮ ಮಣ್ಣಿಂದಲ್ಲ’ ಎಂಬ ಮಾತಿಗೆ ಬರುತ್ತೇನೆ. ಮಂಡ್ಯ ಜಿಲ್ಲೆಯವರ ಬಾಯಲ್ಲಿ ಇದನ್ನು ಕೇಳಿದಾಗ ತಾಳ್ಮೆ ಉಳಿಯುವುದಿಲ್ಲ. ನಮ್ಮ ಮಾರಿಹಬ್ಬದಲ್ಲಿ ಕೊಂಡ ಹಾಯುವಾಗ ಮೈಮೇಲೆ ದೇವರು ಬರುವುದಿಲ್ಲವೇ? ಪೂಜಾ ಕುಣಿತದಲ್ಲಿ ತಮಟೆಯ ಏಟು ಏರಿದ ಹಾಗೆ ಕುಣಿಯುವವನ ಕಣ್ಣು ಬದಲಾಗುವುದನ್ನು ನಾವು ನೋಡಿಲ್ಲವೇ? ಬ್ಲಫ್‌ಗೆ ಹತ್ತಿರದಲ್ಲೇ ಇರುವ ಬೊಪ್ಪೇಗೌಡನಪುರ ಮಂಟೇಸ್ವಾಮಿಯ ಗದ್ದುಗೆ. ನೀಲಗಾರರು ತಂಬೂರಿ, ಗಗ್ಗರ, ಡಕ್ಕೆ ಹಿಡಿದು ರಾತ್ರಿಯಿಡೀ ಹಾಡುವುದು ಗುನುಗುವ ದನಿಯಲ್ಲಲ್ಲ. ಹೊಳೆಯಾಚೆ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಐದು ದಿನದ ಜಾತ್ರೆ. ಮೊದಲ ರಾತ್ರಿ ಚಂದ್ರಮಂಡಲಕ್ಕೆ ಬೆಂಕಿ ಹಚ್ಚಿದಾಗ ನೆರೆದವರ ಗಂಟಲಿನಿಂದ ಹೊರಡುವ ಉಘೇ ಎಂಬ ಘೋಷ ಯಾವ ಪ್ರಾರ್ಥನಾ ಮಂದಿರದ ಸದ್ದಿಗೂ ಕಡಿಮೆಯಲ್ಲ. ಉರುಳಾಟವೇ? ಒದ್ದೆ ಬಟ್ಟೆಯಲ್ಲಿ ಗುಡಿ ಸುತ್ತ ಉರುಳುಸೇವೆ ಮಾಡಿದವರು ನಮ್ಮ ಮನೆಗಳಲ್ಲೇ ಇದ್ದಾರೆ. ಅವರನ್ನು ನಾವು ಭಕ್ತರು ಎನ್ನುತ್ತೇವೆ, ಅವರ ಕಾಲಿಗೆ ನೀರು ಹಾಕುತ್ತೇವೆ. ಅದೇ ಊರಿನ ಅದೇ ಕೂಲಿ ಹೆಂಗಸು ಯೇಸುವಿನ ಹೆಸರಿನಲ್ಲಿ ನಡುಗಿದರೆ ನಾಟಕ ಎನ್ನುತ್ತೇವೆ.

ಒಮ್ಮೆ ಒಳಗೆ ಹೋಗಿ ಕೂತು ನೋಡಿ. ಶೀಟಿನ ಮಾಡು, ಪ್ಲಾಸ್ಟಿಕ್ ಚಾಪೆ, ಬಾಗಿಲ ಹೊರಗೆ ಬಿಟ್ಟ ಚಪ್ಪಲಿಗಳು. ಹೆಂಗಸರು ಒಂದು ಕಡೆ, ತಲೆಯ ಮೇಲೆ ಸೆರಗು. ಒಂದು ಕೀಬೋರ್ಡು, ಒಂದು ಡೋಲಕ್ಕು, ಜನಪದ ಧಾಟಿಯ ಹಾಡು. ಹಾಡು ಮುಗಿದ ಮೇಲೆ ‘ಸಾಕ್ಷಿ’ ಹೇಳುವ ಹೊತ್ತು. ಕಬ್ಬಿನ ಗದ್ದೆಯಲ್ಲಿ ಕೂಲಿ ಮಾಡುವ ಹೆಂಗಸೊಬ್ಬಳು ಎದ್ದು ನಿಂತು, ಗಂಡ ಕುಡಿತ ಬಿಟ್ಟ ಕತೆಯನ್ನು ಮೈಕಿನಲ್ಲಿ ಹೇಳುತ್ತಾಳೆ. ಮಾತಿನ ನಡುವೆ ಅಳು, ಸುತ್ತಲಿನವರ ‘ಸ್ತೋತ್ರ, ಸ್ತೋತ್ರ’. ಗ್ರಾಮಸಭೆಯಲ್ಲಿ ಬಾಯಿ ಬಿಡದವಳು ಇಲ್ಲಿ ಐವತ್ತು ಜನರ ಮುಂದೆ ತನ್ನ ಬದುಕನ್ನು ತಾನೇ ಹೇಳುತ್ತಿದ್ದಾಳೆ. ಆ ಕೂಗಿನೊಳಗೆ ಇರುವುದು ಇದು.

ಉಳಿದ ಕೆಲವು ನಂಬಿಕೆಗಳನ್ನು ಬೇಗ ಮುಗಿಸುತ್ತೇನೆ. ಎಲ್ಲ ಕ್ರೈಸ್ತರೂ ‘ಅಲ್ಲೇಲೂಯದೋರು’ ಎಂಬುದು ಸುಳ್ಳು. ಕಥೋಲಿಕರು, ಸಿ.ಎಸ್.ಐ.ನವರು, ಪೆಂತೆಕೋಸ್ತರು ಬೇರೆ ಬೇರೆ ಸಭೆಗಳು. ಆದರೆ ಆ ಪದ ಎಲ್ಲರದ್ದೂ ಹೌದು, ಕಥೋಲಿಕರ ಪೂಜೆಯಲ್ಲಿ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲವೊಂದನ್ನು ಬಿಟ್ಟರೆ ಪ್ರತಿ ಭಾನುವಾರ ಸುವಾರ್ತೆಗೆ ಮುಂಚೆ ಅದನ್ನೇ ಹಾಡುತ್ತಾರೆ. ಇವತ್ತು ಸಿ.ಎಸ್.ಐ. ಚರ್ಚಿನಲ್ಲಿ ಮೌನವಾಗಿ ಕೂರುವ ಹಳೇ ಮೈಸೂರಿನ ಕುಟುಂಬಗಳಲ್ಲಿ ಹಲವರ ಮೂಲ ವೆಸ್ಲಿಯನ್ ಮಿಷನ್. ಆ ಪಂಥದ ಜಾನ್ ವೆಸ್ಲಿ 1739ರಲ್ಲಿ ಬ್ರಿಸ್ಟಲ್‌ನಲ್ಲಿ ಬೋಧಿಸುವಾಗಲೂ ಜನ ಚೀರಿ ನೆಲಕ್ಕೆ ಬೀಳುತ್ತಿದ್ದರು. ಎಲ್ಲಕ್ಕೂ ವಿದೇಶಿ ದೊರೆತನ ಎಂಬುದೂ ತಪ್ಪು, 1924ರಲ್ಲಿ ಹುಟ್ಟಿದ ಇಂಡಿಯಾ ಪೆಂತೆಕೋಸ್ತ ಸಭೆಯನ್ನು ಕಟ್ಟಿದವರು ಕೇರಳದ ಕೆ.ಇ. ಅಬ್ರಹಾಂ. ಹುಚ್ಚು ಅಥವಾ ನಟನೆ ಎನ್ನುವವರಿಗೆ: ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಆಂಡ್ರ್ಯೂ ನ್ಯೂಬರ್ಗ್ ತಂಡ 2006ರಲ್ಲಿ ಅನ್ಯಭಾಷೆಯಲ್ಲಿ ಪ್ರಾರ್ಥಿಸುವ ಐವರು ಹೆಂಗಸರ ಮಿದುಳನ್ನು ಸ್ಕ್ಯಾನ್ ಮಾಡಿದಾಗ, ನಮ್ಮನ್ನು ನಾವು ಹತೋಟಿಯಲ್ಲಿಡುವ ಮುಂಭಾಗದ ಚಟುವಟಿಕೆ ತಗ್ಗಿದ್ದು ಕಂಡಿತು. ದೇವರಿದ್ದಾನೆ ಎಂಬುದಕ್ಕೆ ಇದು ಪುರಾವೆಯಲ್ಲ, ಆದರೆ ಬೇಕೆಂದೇ ನಟಿಸುತ್ತಾರೆ ಎಂಬ ಮಾತಿಗೆ ಇದು ಒಗ್ಗುವುದಿಲ್ಲ. ಜಿಲ್ಲೆಗೆ ಜಿಲ್ಲೆಯೇ ಮತಾಂತರವಾಗಿದೆ ಎನ್ನುವವರು ಜನಗಣತಿ ತೆಗೆದು ನೋಡಲಿ: ಕರ್ನಾಟಕದಲ್ಲಿ ಕ್ರೈಸ್ತರು 2001ರಲ್ಲಿ ಶೇ. 1.91, 2011ರಲ್ಲಿ ಶೇ. 1.87. ಮಂಡ್ಯ ಜಿಲ್ಲೆಯಲ್ಲಂತೂ ಶೇ. 1ಕ್ಕೂ ಕಡಿಮೆ. ಸದ್ದಿನ ತಕರಾರಿದ್ದರೆ ಅದಕ್ಕೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮವಿದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕಬಾರದೆಂಬ ಆ ನಿಯಮ ಚರ್ಚಿಗೆ, ಗುಡಿಗೆ, ಮಸೀದಿಗೆ, ಆರ್ಕೆಸ್ಟ್ರಾಗೆ ಒಂದೇ.

ಸಭೆಗಳೊಳಗಿನ ಒಂದು ಸುಳ್ಳನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಪ್ರಾರ್ಥನೆ ಮಾಡಿದ್ದೇನೆ, ಇನ್ನು ಮಾತ್ರೆ ಬೇಡ ಎನ್ನುವ ಪಾಸ್ಟರ್ ಅಪಾಯಕಾರಿ. ಸಕ್ಕರೆ ಕಾಯಿಲೆ, ಕ್ಷಯ, ಮೂರ್ಛೆರೋಗದ ಮಾತ್ರೆಗಳನ್ನು ಏಕಾಏಕಿ ಬಿಟ್ಟರೆ ಜೀವಕ್ಕೇ ಕುತ್ತು. ಇದು ಮಂತ್ರಿಸಿದ ತಾಯತ ಕಟ್ಟುವವನಿಗೂ, ಟಿ.ವಿ.ಯಲ್ಲಿ ಬೆಳಿಗ್ಗೆ ಕೂತು ಗ್ರಹಶಾಂತಿ ಹೇಳುವವನಿಗೂ ಅನ್ವಯಿಸುವ ಮಾತು. ಮಾಯದಿಂದ ರೋಗ ವಾಸಿಮಾಡುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಕಾಯಿದೆಯೇ ನಿಷೇಧಿಸಿದೆ. ಎಪ್ಪತ್ತು ವರ್ಷಗಳಾದರೂ ನಾವು ಅಂಥ ಜಾಹೀರಾತನ್ನು ನಂಬುತ್ತಲೇ ಇದ್ದೇವೆ. ಬೇರೆಯವರ ಮೂಢನಂಬಿಕೆ ಮೈಲಿ ದೂರದಿಂದ ಕಾಣುವ ಕಣ್ಣಿಗೆ ತನ್ನ ಮನೆಯದು ಕಾಣುವುದಿಲ್ಲ. ವಾಟ್ಸಾಪಿನಲ್ಲಿ ಬಂದ ಸಾಲನ್ನು ತಾರೀಖು ಕೇಳದೆ, ಊರು ಕೇಳದೆ ಮುಂದಕ್ಕೆ ಕಳಿಸುವವರಿಗೂ ಪ್ರಾರ್ಥಿಸಿದ ಎಣ್ಣೆ ಹಚ್ಚಿಸಿಕೊಂಡು ಮಾತ್ರೆ ಬಿಸಾಡುವವರಿಗೂ ನನಗೆ ದೊಡ್ಡ ವ್ಯತ್ಯಾಸ ಕಾಣುತ್ತಿಲ್ಲ.

‘ಅಲ್ಲೇಲೂಯದೋರು’ ಎಂಬ ಅಡ್ಡಹೆಸರನ್ನು ದೊಡ್ಡವರು ಹೇಗೋ ನುಂಗಿಕೊಳ್ಳುತ್ತಾರೆ, ಪೆಟ್ಟು ಬೀಳುವುದು ಮಕ್ಕಳಿಗೆ. ಶಾಲೆಯ ಅಂಗಳದಲ್ಲಿ ‘ಏಯ್ ಅಲ್ಲೇಲೂಯ’ ಎಂದು ಕೂಗಿಸಿಕೊಂಡ ಹುಡುಗಿ ಮಾರನೆಯ ದಿನ ತಾಯಿಯ ಜೊತೆ ಸಭೆಗೆ ಹೋಗಲು ನಾಚುತ್ತಾಳೆ. ಮದ್ದೂರು, ಮಳವಳ್ಳಿಯ ಮೇಷ್ಟ್ರುಗಳಲ್ಲಿ, ಟೀಚರಮ್ಮಗಳಲ್ಲಿ ಎರಡು ಕೋರಿಕೆ. ಸಮಾಜ ಸುಧಾರಕರ ಪಾಠ ಮಾಡುವಾಗ ಪಂಡಿತಾ ರಮಾಬಾಯಿಯವರು ಗಂಗಾಮೂಲದಲ್ಲಿ ಹುಟ್ಟಿದವರು ಎಂದು ಮಕ್ಕಳಿಗೆ ಹೇಳಿ, ಮುಕ್ತಿಯಲ್ಲಿ 1905ರಲ್ಲಿ ನಡೆದದ್ದನ್ನೂ ಹೇಳಿ. ಆ ಅಡ್ಡಹೆಸರು ತರಗತಿಯಲ್ಲಿ ಕೇಳಿಬಂದರೆ ಅಲ್ಲೇ ತಡೆಯಿರಿ.