ಮೊದಲು ದಾರವಿಲ್ಲದ ಹೊಲಿಗೆ

ಮದ್ದೂರಿನಲ್ಲಿ ಬಸ್ಸಿಳಿದು, ವಡೆ ಕರಿಯುವ ಘಮ ದಾಟಿ ಎರಡು ಅಡ್ಡರಸ್ತೆ ನಡೆದರೆ ಹೊಲಿಗೆ ಕಲಿಸುವ ಆ ಮನೆ. ಬೋರ್ಡಿಲ್ಲ. ಬಾಗಿಲ ಮುಂದಿನ ಚಪ್ಪಲಿ ರಾಶಿಯೇ ಗುರುತು. ಒಳಗಿನಿಂದ ಟಕಟಕ ಸದ್ದು ಬರುತ್ತಿತ್ತು. ನಾಲ್ಕು ಹೆಜ್ಜೆ ಓಡಿ ಎಡವಿದಂತೆ ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು.

ಹಜಾರದಲ್ಲಿ ಕಾಲಲ್ಲಿ ತುಳಿಯುವ ಆರು ಮಿಷನ್. ಮೊದಲಿನ ಎರಡಕ್ಕೆ ಬೆಲ್ಟೇ ಇಲ್ಲ. ಕೆಟ್ಟಿರಬೇಕು ಅಂದುಕೊಂಡೆ. ಹಾಗಲ್ಲ, ಹೊಸಬರಿಗೆಂದು ಬೇಕಂತಲೇ ಬಿಚ್ಚಿಟ್ಟದ್ದು. ಮೊದಲ ಪಾಠ ಕೈಗಲ್ಲ, ಕಾಲಿಗೆ. ಚಕ್ರ ಕೂತವರ ಕಡೆಗೇ ಉರುಳಬೇಕು. ಪಾದ ಒಂದು ಕ್ಷಣ ತಡವರಿಸಿದರೂ ಹಿಂದಕ್ಕೆ ಓಡುತ್ತದೆ. ದಾರ ಹಾಕಿದ್ದರೆ ಸಿಕ್ಕಾಗಿ ಕಡಿದುಹೋಗುತ್ತದೆ. ನಾನೂ ಕೂತು ನೋಡಿದೆ. ಮೂರನೇ ಸುತ್ತಿಗೇ ಚಕ್ರ ಹಿಂದಕ್ಕೆ ಹೋಯಿತು. ಪಕ್ಕದ ಹುಡುಗಿ ಸೆರಗಿನಲ್ಲಿ ನಗು ಅದುಮಿಕೊಂಡಳು.

ಮೂರನೆಯದಕ್ಕೆ ಬೆಲ್ಟಿದೆ, ಸೂಜಿಯಿದೆ, ದಾರವಿಲ್ಲ. ಬಟ್ಟೆಯ ಜಾಗದಲ್ಲಿ ಗೆರೆ ನೋಟ್‌ಬುಕ್ಕಿನ ಹಾಳೆ. ಕಾಗದಕ್ಕೆ ಸೂಜಿ ಮೊಂಡಾಗುವುದರಿಂದ ಹಳೇ ಸೂಜಿಯನ್ನೇ ಹಾಕಿದ್ದರು. ಗೆರೆಯ ಮೇಲೇ ಓಡಿಸಬೇಕು: ಮೊದಲು ನೇರ, ಆಮೇಲೆ ಚೌಕ, ಆಮೇಲೆ ಅಲೆ. ಮೂಲೆ ಬಂದರೆ ಸೂಜಿಯನ್ನು ಹಾಳೆಯೊಳಗೇ ಇಳಿಸಿ ನಿಲ್ಲಿಸಿ, ಪ್ರೆಷರ್ ಫುಟ್ ಎತ್ತಿ, ಹಾಳೆ ತಿರುಗಿಸಬೇಕು. ಓಡಿಸುವುದು ಎಲ್ಲರಿಗೂ ಬೇಗ ಬರುತ್ತಿತ್ತು. ಬೇಕಾದ ಕಡೆ ನಿಲ್ಲಿಸುವುದೇ ಬರುತ್ತಿರಲಿಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದರೆ ಯಾವ ಮೂಲೆಯಲ್ಲಿ ಕಾಲು ಮಾತು ಕೇಳಲಿಲ್ಲವೆಂದು ತೂತುಗಳೇ ಹೇಳುತ್ತವೆ.

ಮುಂದಿನ ಮಿಷನ್ನಿನಲ್ಲಿ ದಾರ ಬಂತು, ಬಟ್ಟೆಯೂ ಬಂತು. ಎರಡು ಪಟ್ಟಿ ಅಂಚಿಗೆ ಅಂಚಿಟ್ಟು ಜೋಡಿಸಬೇಕು. ನೋಡಲು ಏನೂ ಅಲ್ಲ. ಆದರೆ ಮೇಲಿನ ಪಟ್ಟಿ ಜಾರಿ, ಕೊನೆಯಲ್ಲಿ ಒಂದು ಬೆರಳು ಉಳಿದುಬಿಡುತ್ತದೆ. ಇಲ್ಲೇ ಪಕ್ಕದ ಶಿವಪುರ ನೆನಪಾಯಿತು. 1938ರ ಧ್ವಜ ಸತ್ಯಾಗ್ರಹದಲ್ಲಿ ಅಲ್ಲಿ ಏರಿದ ಬಾವುಟದ ಮೂರು ಪಟ್ಟಿಗಳನ್ನೂ ಯಾರೋ ಹೀಗೇ ಅಂಚು ಕೂಡಿಸಿ ಹೊಲಿದಿರಬೇಕು.

ಒಳಕೋಣೆಯಲ್ಲಿ ಕಟಿಂಗ್. ನೆಲದ ಮೇಲೆ ಹಳೇ ಪೇಪರು, ಟೇಪು, ಸೀಮೆಸುಣ್ಣ. ಎದೆಯ ಸುತ್ತಳತೆ 36 ಇಂಚಾದರೆ ನಾಲ್ಕರಿಂದ ಭಾಗಿಸಿ 9. ಮುಂಭಾಗ, ಬೆನ್ನು ಎರಡನ್ನೂ ಮಡಿಸಿ ಅರ್ಧರ್ಧ ಬರೆಯುವುದರಿಂದ ಕಾಲು ಭಾಗ ಸಾಕು. ಅದರ ಮೇಲೆ ಹೊಲಿಗೆಗಿಷ್ಟು, ಮುಂದೆ ಬಿಚ್ಚಿ ಸಡಿಲಿಸಲಿಕ್ಕಿಷ್ಟು ಒಳಗೆ ಬಿಡಬೇಕು. ಇಲ್ಲಿ ಕೂತಿದ್ದ ಒಬ್ಬಾಕೆ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡಿದವರು. ಕರೆಂಟ್ ಮಿಷನ್ನಿನಲ್ಲಿ ದಿನವಿಡೀ ಕಾಲರ್ ಕೂರಿಸಿದ ಕೈ. ಆದರೆ ಒಂದು ರವಿಕೆ ಪೂರ್ತಿ ಕತ್ತರಿಸಿದ್ದೇ ಇಲ್ಲವಂತೆ. ಫ್ಯಾಕ್ಟರಿಯಲ್ಲಿ ಕತ್ತರಿಸಿದ ತುಂಡು ಕೈಗೆ ಬರುತ್ತದೆ, ಹೊಲಿದದ್ದು ಮುಂದಿನವರಿಗೆ ಹೋಗುತ್ತದೆ. ಈಗ ಅವರ ಕೈಯಲ್ಲಿ ಕತ್ತರಿ ಪೇಪರಿನ ಮೇಲೂ ಅನುಮಾನದಿಂದಲೇ ಸರಿಯುತ್ತಿತ್ತು. ತಾವೇ ಕತ್ತರಿಸಿದ್ದರಲ್ಲಿ ತಪ್ಪಾದರೆ ಹೊಣೆಯೂ ತಮ್ಮದೇ ಎಂಬ ಅಳುಕಿರಬಹುದು. ನನ್ನ ಊಹೆ ಅಷ್ಟೆ, ನಾನು ಕೇಳಲಿಲ್ಲ.

ಹೊರಡುವಾಗ ಬಾಗಿಲ ಹತ್ತಿರದ ಗೋಡೆ ಮೂಲೆ ಕಂಡಿತು. ಅಲ್ಲಿ ಇಬ್ಬರು ಬ್ಲೇಡು ಹಿಡಿದು, ಹೊಲಿದದ್ದನ್ನು ಬಿಚ್ಚುತ್ತ ಕೂತಿದ್ದರು. ಯಾರ ಮುಖದಲ್ಲೂ ಬೇಸರ ಕಾಣಲಿಲ್ಲ. ಬಿಚ್ಚುವುದೂ ಪಾಠದ ಲೆಕ್ಕಕ್ಕೇ ಸೇರಿದಂತಿತ್ತು. ಹೆಮ್ಮಿಂಗ್, ಹುಕ್ಕು, ಕಾಜ ಮಾತ್ರ ಮನೆಗೆ ಒಯ್ದು ಮಾಡುವ ಕೆಲಸ.

ಮಳವಳ್ಳಿ ಬಸ್ಸಿನಲ್ಲಿ ಆ ನಗು ಅದುಮಿದ ಹುಡುಗಿಯೇ ಮುಂದಿನ ಸೀಟಿನಲ್ಲಿದ್ದಳು. ತೊಡೆಯ ಮೇಲೆ ರವಿಕೆ, ಬೆರಳಲ್ಲಿ ಸೂಜಿ. ಬಸ್ಸು ಓಡುವಾಗ ಸೂಜಿಯನ್ನು ಬಟ್ಟೆಗೆ ಚುಚ್ಚಿ ಸುಮ್ಮನೆ ಕೂರುತ್ತಿದ್ದಳು. ಸ್ಟಾಪಿನಲ್ಲಿ ನಿಂತಾಗಲೆಲ್ಲ ಎರಡೆರಡು ಹೊಲಿಗೆ ಹಾಕುತ್ತಿದ್ದಳು.