ನಿಮಗಿದು ಗೊತ್ತೇ? ಹೆಬ್ಬೆರಳ ಬುಡದ ಎಲುಬನ್ನೇ ತೆಗೆದರೂ ಕೈ ನಡೆಯುತ್ತದೆ!

● ಸವಣೂರಿನ ತೋಟದಲ್ಲಿ ವೀಳ್ಯದೆಲೆ ಕೊಯ್ಯುವುದು, ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುವುದು, ಹತ್ತಿ ಬಿಡಿಸುವುದು, ಗೋವಿನಜೋಳ ಸುಲಿಯುವುದು: ಹಾವೇರಿ ಜಿಲ್ಲೆಯ ಇಷ್ಟೂ ಕೆಲಸ ನಡೆಯುವುದು ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಲ್ಲಿ. ಆ ತುದಿಯಲ್ಲಿ 1 ಕೆ.ಜಿ. ಬಲ ಹಾಕಿ ಚಿವುಟಿದರೆ ಹೆಬ್ಬೆರಳ ಬುಡದ ಕೀಲಿನ ಮೇಲೆ ಬೀಳುವ ಭಾರ ಸುಮಾರು 12 ಕೆ.ಜಿ.! ಏನನ್ನಾದರೂ ಬಿಗಿಯಾಗಿ ಹಿಡಿದರೆ ಅದು 120 ಕೆ.ಜಿ.ವರೆಗೂ ಏರಬಹುದು. ಅಮೆರಿಕದ ಕೂನಿ ಮತ್ತು ಚಾವೊ 1977ರಲ್ಲಿ ಹಾಕಿದ ಲೆಕ್ಕ ಇದು.

● ಮಣಿಕಟ್ಟಿನಲ್ಲಿ ಎಂಟು ಪುಟ್ಟ ಎಲುಬುಗಳಿವೆ. ಅವುಗಳಲ್ಲಿ ಟ್ರೆಪೀಜಿಯಂ ಎಂಬ ಎಲುಬಿನ ಮೇಲೆ ಹೆಬ್ಬೆರಳು ಕೂತಿದೆ. ಕುದುರೆಯ ಬೆನ್ನಿನ ಮೇಲೆ ಜೀನು ಕೂತ ಹಾಗೆ ಈ ಕೀಲಿನ ಜೋಡಣೆ. ಹೆಬ್ಬೆರಳು ಎಲ್ಲ ದಿಕ್ಕಿಗೂ ತಿರುಗಿ ಕಿರುಬೆರಳನ್ನು ಮುಟ್ಟುವುದು ಇದರಿಂದಲೇ. ಸವೆಯುವುದೂ ಇಲ್ಲೇ.

● ಈ ಸವೆತ ಹೆಚ್ಚು ಕಾಡುವುದು ಮುಟ್ಟು ನಿಂತ ಹೆಂಗಸರನ್ನು. ವಯಸ್ಸು, ವಂಶ, ಕೀಲಿನ ಸಡಿಲವಾದ ಕಟ್ಟುಗಳು (ಲಿಗಮೆಂಟ್), ಹಳೆಯ ಪೆಟ್ಟು ಎಲ್ಲವೂ ಇದರಲ್ಲಿ ಪಾಲುದಾರರು. ‘ಜೀವನಪೂರ್ತಿ ರೊಟ್ಟಿ ಬಡಿದದ್ದಕ್ಕೇ ಹೀಗಾಯಿತು’ ಎಂದು ರೊಟ್ಟಿಯೊಂದನ್ನೇ ದೂರಬೇಡಿ.

● ಎಕ್ಸ್‌ರೇ ನೋಡಿ ಹೆದರಬೇಕಿಲ್ಲ. ಮುಟ್ಟು ನಿಂತ 143 ಮಹಿಳೆಯರ ಕೈಗಳನ್ನು ಬ್ರಿಟನ್ನಿನಲ್ಲಿ ಪರೀಕ್ಷಿಸಿದಾಗ ಕಾಲು ಭಾಗದವರಲ್ಲಿ ಬರೀ ಈ ಕೀಲಿನ ಸವೆತ ಕಂಡಿತು. ಅವರಲ್ಲಿ ನೋವು ಇದ್ದದ್ದು ಶೇ. 28 ಮಂದಿಗೆ ಮಾತ್ರ. 1994ರಲ್ಲಿ ಪ್ರಕಟವಾದ ಈ ಅಧ್ಯಯನ ಹೇಳುವುದಿಷ್ಟು: ಕೀಲು ಪೂರ್ತಿ ಸವೆದವರೂ ಹಾಯಾಗಿ ಬುತ್ತಿ ಕಟ್ಟುತ್ತಿರಬಹುದು. ಆಪರೇಷನ್ ಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಬೇಕಾದದ್ದು ನೋವು, ಫಿಲ್ಮ್ ಅಲ್ಲ.

● ಹೆಬ್ಬೆರಳ ಕಡೆಯ ನೋವೆಲ್ಲ ಕೀಲು ಸವೆತವಲ್ಲ. ಎಳೆಗೂಸನ್ನು ಎತ್ತಿ ಎತ್ತಿ ಬಾಣಂತಿಯರಿಗೆ ಮಣಿಕಟ್ಟಿನ ಪಕ್ಕದಲ್ಲಿ ಬರುವ ನೋವು ಬೇರೆ; ಅಲ್ಲಿ ಬಾತಿರುವುದು ಸ್ನಾಯುರಜ್ಜುವಿನ ಕವಚ. 1895ರಲ್ಲಿ ಅದನ್ನು ವಿವರಿಸಿದವರು ಸ್ವಿಸ್ ಸರ್ಜನ್ ಡಿ ಕ್ವೆರ್ವೇನ್. ಅದರ ಚಿಕಿತ್ಸೆಯೇ ಬೇರೆ.

● ನೆದರ್ಲೆಂಡ್ಸ್‌ನಲ್ಲಿ ಹೆಬ್ಬೆರಳ ಕೀಲು ಸವೆದವರಿಗೆ ಮೊದಲು ಸ್ಪ್ಲಿಂಟ್ ಕಟ್ಟಿ, ಬೆರಳಿನ ವ್ಯಾಯಾಮ ಕಲಿಸಿ ನೋಡಿದರು. ಮುಂದೆ ಆಪರೇಷನ್ ಮಾಡಿಸಿಕೊಂಡವರು ಶೇ. 15ರ ಆಸುಪಾಸು! ಸ್ಪ್ಲಿಂಟ್ ಕಟ್ಟದೆ, ವ್ಯಾಯಾಮ ಮಾಡದೆ ನೇರವಾಗಿ ಆಪರೇಷನ್ ತಾರೀಕು ಕೇಳುವವರು ಈ ಅಂಕಿಯನ್ನು ಎರಡು ಸಲ ಓದಬೇಕು. ಸ್ಟೆರಾಯ್ಡ್ ಇಂಜೆಕ್ಷನ್ ಕೂಡ ಉಂಟು, ಆದರೆ ಅದರ ಗುಣ ಬಹುಕಾಲ ನಿಲ್ಲುವಂಥದ್ದಲ್ಲ.

● 1949ರಲ್ಲಿ ಬ್ರಿಟನ್ನಿನ ಒಂದೇ ಎಲುಬು–ಕೀಲು ಪತ್ರಿಕೆಯಲ್ಲಿ ಎರಡು ಲೇಖನಗಳು ಒಂದರ ಹಿಂದೊಂದು ಅಚ್ಚಾದವು. ಮೊದಲನೆಯದರಲ್ಲಿ ಗರ್ವಿಸ್, ‘ಟ್ರೆಪೀಜಿಯಂ ಎಲುಬನ್ನು ತೆಗೆದುಬಿಡಿ’ ಎಂದರು. ಪುಟ ತಿರುಗಿಸಿದರೆ ಮುಲ್ಲರ್, ‘ಕೀಲನ್ನು ಬೆಸೆದುಬಿಡಿ’ ಎಂದರು. ಎಪ್ಪತ್ತೈದು ವರ್ಷ ಕಳೆದರೂ ಸರ್ಜನ್ನರ ವಾದ ಬಹುಮಟ್ಟಿಗೆ ಆ ಎರಡು ಲೇಖನಗಳ ಸುತ್ತಲೇ ಇದೆ.

● ಎಲುಬು ತೆಗೆದರೆ ಹೆಬ್ಬೆರಳು ಜೋತು ಬೀಳುವುದಿಲ್ಲವೇ? ಇಲ್ಲ. ಖಾಲಿಯಾದ ಜಾಗದಲ್ಲಿ ಕೆಲವು ವಾರಗಳಲ್ಲಿ ಗಾಯದ ಅಂಗಾಂಶ ತುಂಬಿಕೊಂಡು ಮೆತ್ತೆಯಾಗುತ್ತದೆ. ಹೆಬ್ಬೆರಳು ಒಂದಿಷ್ಟು ಗಿಡ್ಡವಾಗುತ್ತದೆ, ಅಷ್ಟೇ. ಎಲುಬಿಗೆ ಎಲುಬು ಉಜ್ಜುವುದು ನಿಂತ ಮೇಲೆ ಹೆಚ್ಚಿನವರಿಗೆ ನೋವು ತಗ್ಗುತ್ತದೆ.

● ಆದರೂ ಖಾಲಿ ಜಾಗ ಬಿಡಲು ಸರ್ಜನ್ನರಿಗೆ ಮನಸ್ಸಾಗಲಿಲ್ಲ. 1970ರಲ್ಲಿ ಫ್ರಾಯಿಮ್ಸನ್ ಅವರು ರೋಗಿಯದೇ ಸ್ನಾಯುರಜ್ಜುವನ್ನು ಸುರುಳಿ ಸುತ್ತಿ ಅಲ್ಲಿ ತುಂಬಿದರು. ನೋಡಲು ಆಂಚೊವಿ ಎಂಬ ಸಣ್ಣ ಮೀನಿನಂತಿದ್ದುದರಿಂದ ಆ ಸುರುಳಿಗೆ ಮೀನಿನ ಹೆಸರೇ ನಿಂತಿತು. 1986ರಲ್ಲಿ ಬರ್ಟನ್ ಮತ್ತು ಪೆಲೆಗ್ರಿನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮುಂಗೈಯ ರಜ್ಜುವಿನಿಂದ ಹೆಬ್ಬೆರಳಿಗೆ ಹೊಸ ಕಟ್ಟನ್ನೂ ಹೆಣೆದರು. ಗಾಯ ಉದ್ದವಾಯಿತು, ಆಪರೇಷನ್ನಿನ ಹೊತ್ತೂ ಹೆಚ್ಚಿತು.

● ಕುಳಿತಲ್ಲೇ ಒಂದು ಪರೀಕ್ಷೆ: ಹೆಬ್ಬೆರಳು–ಕಿರುಬೆರಳಿನ ತುದಿ ಕೂಡಿಸಿ ಮಣಿಕಟ್ಟನ್ನು ಒಳಗೆ ಮಡಿಸಿ. ನಡುವೆ ಹುರಿಯಂತೆ ಎದ್ದು ಕಾಣುವುದೇ ಪಾಲ್ಮಾರಿಸ್ ಲಾಂಗಸ್ ರಜ್ಜು. ಸುರುಳಿ ಸುತ್ತಲು ಕೆಲವು ಸರ್ಜನ್ನರು ಬಳಸುವುದು ಇದನ್ನೇ. ಕಾಣಲಿಲ್ಲವೇ? ಗಾಬರಿ ಬೇಡ, ಹುಟ್ಟಿನಿಂದಲೇ ಇದಿಲ್ಲದವರು ಬೇಕಾದಷ್ಟಿದ್ದಾರೆ. ಇಲ್ಲದಿದ್ದರೂ ಕೈಗೇನೂ ಕೊರತೆಯಿಲ್ಲ.

● ಹಾಗಾದರೆ ತುಂಬಿದ್ದು, ಹೆಣೆದದ್ದು ಎಷ್ಟು ಫಲ ಕೊಟ್ಟಿತು? ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಟಿಮ್ ಡೇವಿಸ್ ಮತ್ತು ಸಂಗಡಿಗರು 162 ಮಹಿಳೆಯರ 183 ಹೆಬ್ಬೆರಳುಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದರಲ್ಲಿ ಬರೀ ಎಲುಬು ತೆಗೆದರು, ಇನ್ನೊಂದರಲ್ಲಿ ಸುರುಳಿ ತುಂಬಿದರು, ಮೂರನೆಯದರಲ್ಲಿ ಕಟ್ಟು ಹೆಣೆದರು. 2004ರಲ್ಲಿ ಫಲಿತಾಂಶ ಬಂತು. ವರ್ಷದ ನಂತರ ನೋವಿನಲ್ಲಾಗಲಿ ಹಿಡಿತದ ಬಲದಲ್ಲಾಗಲಿ ಮೂರೂ ಗುಂಪಿಗೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ! 5ರಿಂದ 18 ವರ್ಷ ಕಳೆದವರನ್ನು ಹುಡುಕಿ ನೋಡಿ 2012ರಲ್ಲಿ ಮತ್ತೆ ಬರೆದರು. ಆಗಲೂ ಅದೇ ಉತ್ತರ.

● 2015ರ ಕೊಕ್ರೇನ್ ಪರಿಶೀಲನೆ 11 ಅಧ್ಯಯನಗಳ 670 ರೋಗಿಗಳ ಲೆಕ್ಕ ಕೂಡಿಸಿತು. ನೋವು ಕಳೆಯುವುದರಲ್ಲಿ, ಕೈ ಬಳಕೆಯಲ್ಲಿ ಇಂಥದ್ದೇ ಮೇಲು ಎಂದು ಯಾವ ವಿಧಾನಕ್ಕೂ ಪಟ್ಟ ಕಟ್ಟಲಾಗಲಿಲ್ಲ. ಇರುವ ಪುರಾವೆಯೂ ಗಟ್ಟಿಯಲ್ಲ ಎಂದು ಸೇರಿಸಿತು.

● ಇಷ್ಟಾದರೂ ಅಮೆರಿಕದ ಕೈ ಸರ್ಜನ್ನರನ್ನು ಕೇಳಿದಾಗ ಅರ್ಧಕ್ಕಿಂತ ಹೆಚ್ಚು ಮಂದಿ ಹೇಳಿದ್ದು ಕಟ್ಟು ಹೆಣೆಯುವ ವಿಧಾನವನ್ನೇ. ಕಲಿತ ವಿದ್ಯೆ ಬಿಡುವುದು ಕಷ್ಟ. ಸರ್ಜನ್ನರಿಗಷ್ಟೇ ಅಲ್ಲ ಬಿಡಿ.

● ಇನ್ನು ಮುಲ್ಲರ್ ಹೇಳಿದ, ಕೀಲನ್ನು ಬೆಸೆಯುವ ದಾರಿಯನ್ನು ಹಿಂದಿನಿಂದಲೂ ಭಾರದ ಕೆಲಸದ, ಕಡಿಮೆ ವಯಸ್ಸಿನ ಗಂಡಸರಿಗೆ ಹೇಳುತ್ತ ಬಂದಿದ್ದಾರೆ. ಹಾರೆ, ಗುದ್ದಲಿ ಹಿಡಿಯುವ ಬಲ ಉಳಿಯುತ್ತದೆ. ಆದರೆ ಬೆಸೆದ ಮೇಲೆ ಅಂಗೈ ನೆಲಕ್ಕೆ ಚಪ್ಪಟೆಯಾಗಿ ಕೂರುವುದಿಲ್ಲ. ಜೋಳದ ರೊಟ್ಟಿ ಬಡಿಯುವ ಕೈಗೆ ಇದು ಸಣ್ಣ ಮಾತಲ್ಲ! ಡಾಕ್ಟರ್ ಕೇಳದಿದ್ದರೂ ‘ನಾನು ರೊಟ್ಟಿ ಬಡಿಯಬೇಕು’ ಎಂದು ನೀವೇ ಹೇಳಿ. ಕೆಲವರಲ್ಲಿ ಎಲುಬು ಬೆಸೆದುಕೊಳ್ಳದೆ ಮತ್ತೆ ಆಪರೇಷನ್ ಬೇಕಾಗುವುದೂ ಉಂಟು. ನೆದರ್ಲೆಂಡ್ಸ್‌ನಲ್ಲಿ ನಲವತ್ತು ದಾಟಿದ ಮಹಿಳೆಯರ ಮೇಲೆ ನಡೆದ ಹೋಲಿಕೆಯಲ್ಲಿ ಬೆಸೆದ ಗುಂಪಿಗೆ ತೊಂದರೆಗಳು ಹೆಚ್ಚಾಗಿ, ಅಧ್ಯಯನವನ್ನೇ ಅರ್ಧಕ್ಕೆ ನಿಲ್ಲಿಸಬೇಕಾಯಿತು. ಅದು ಪ್ರಕಟವಾದದ್ದು 2014ರಲ್ಲಿ.

● ತೆಗೆದ ಎಲುಬಿನ ಜಾಗದಲ್ಲಿ ಸಿಲಿಕೋನ್ ಎಲುಬನ್ನು ಕೂರಿಸುವ ಕಾಲವೊಂದಿತ್ತು. ಸವೆದ ಸಿಲಿಕೋನಿನ ಪುಡಿಗೆ ಸುತ್ತಲಿನ ಅಂಗಾಂಶ ಕೆರಳಿ ಬಾವು ಬರತೊಡಗಿದ ಮೇಲೆ ಹೆಚ್ಚಿನವರು ಕೈಬಿಟ್ಟರು.

● ಸೊಂಟದ ಕೀಲು ಬದಲಿಸಿದಂತೆ ಹೆಬ್ಬೆರಳಿಗೂ ಗುಂಡು–ಬಟ್ಟಲಿನ ಕೃತಕ ಕೀಲು ಉಂಟು. ಇದರ ಮೊದಲಿಗರಲ್ಲಿ ಒಬ್ಬರು 1970ರ ದಶಕದ ಫ್ರೆಂಚ್ ಸರ್ಜನ್ ಡಿ ಲಾ ಕಾಫಿನಿಯೇರ್. ಹಳೆಯ ಮಾದರಿಗಳಲ್ಲಿ ಬಟ್ಟಲು ಸಡಿಲಾಗುವುದು, ಗುಂಡು ಜಾರುವುದು ದೊಡ್ಡ ಕಾಟವಾಗಿತ್ತು. ಈಗಿನ ಎರಡು ಹಂತದಲ್ಲಿ ತಿರುಗುವ ಮಾದರಿಗಳಲ್ಲಿ ಜಾರುವುದು ಕಡಿಮೆ. ಮೊದಲ ತಿಂಗಳುಗಳಲ್ಲಿ ಕೈ ಬೇಗ ಬಳಕೆಗೆ ಬರುತ್ತದೆ, ಹೆಬ್ಬೆರಳಿನ ಉದ್ದವೂ ಉಳಿಯುತ್ತದೆ. ಖರ್ಚು ಮಾತ್ರ ಹೆಚ್ಚು. ಕೆಟ್ಟರೆ? ಕೀಲನ್ನು ತೆಗೆದು, ಕೊನೆಗೆ ಟ್ರೆಪೀಜಿಯಂ ತೆಗೆಯುವುದೇ ಸಾಮಾನ್ಯವಾದ ದಾರಿ. ಸುತ್ತಿ ಬಳಸಿ ಗರ್ವಿಸ್ ಅವರ ಲೇಖನಕ್ಕೇ ಬರಬೇಕು!

● ಸವೆತ ಆರಂಭದಲ್ಲಿದ್ದರೆ ಕೀಲು ತೆರೆಯದೆ, ಟ್ರೆಪೀಜಿಯಂ ಮೇಲೆ ಕೂತ ಹೆಬ್ಬೆರಳ ಎಲುಬನ್ನು ಬುಡದಲ್ಲಿ ಕತ್ತರಿಸಿ ಕೋನ ಬದಲಿಸುವ ಉಪಾಯವೂ ಇದೆ. 1973ರಲ್ಲಿ ವಿಲ್ಸನ್ ಬರೆದದ್ದು.

● ಕೀಲಿನಿಂದ ನೋವಿನ ಸುದ್ದಿ ಒಯ್ಯುವ ಸಣ್ಣ ನರಗಳನ್ನಷ್ಟೇ ಕತ್ತರಿಸುವುದೂ ಉಂಟು.

● ಹೆಬ್ಬೆರಳ ಕೀಲಿನ ಆಪರೇಷನ್ನಿಗೆ ಪೂರ್ತಿ ಪ್ರಜ್ಞೆ ತಪ್ಪಿಸಲೇಬೇಕೆಂದಿಲ್ಲ, ಕೈಯೊಂದನ್ನೇ ಮರಗಟ್ಟಿಸಿದರೂ ಸಾಗುತ್ತದೆ. ಎಲುಬು ತೆಗೆಸಿಕೊಂಡವರು ಸುಮಾರು ಆರು ವಾರ ಪಟ್ಟಿ ಅಥವಾ ಸ್ಪ್ಲಿಂಟ್‌ನಲ್ಲಿ ಇರಬೇಕಾಗುತ್ತದೆ. ಹಗುರ ಕೆಲಸಕ್ಕೆ ಮೂರು ತಿಂಗಳು. ಒದ್ದೆ ಬಟ್ಟೆ ಹಿಂಡುವ ಬಲ ಬರಲು ಆರು ತಿಂಗಳಿಂದ ಒಂದು ವರ್ಷ. ಮುಂಗಾರು ಬಿತ್ತನೆ, ಹತ್ತಿ ಬಿಡಿಸುವ ಕಾಲ ನೋಡಿಕೊಂಡು ತಾರೀಕು ಗೊತ್ತುಮಾಡಿ. ಎರಡೂ ಕೈಗೆ ಒಟ್ಟಿಗೆ ಮಾಡಿಸಿಕೊಂಡರೆ ತಲೆ ಬಾಚುವವರು ಯಾರು?

● ಗಾಯದ ಪಕ್ಕದಲ್ಲೇ ಚರ್ಮದ ನರದ ಕವಲುಗಳಿವೆ. ಅವುಗಳಿಗೆ ಪೆಟ್ಟಾದರೆ ಹೆಬ್ಬೆರಳ ಹಿಂಬದಿ ಜೋಮು ಹಿಡಿಯಬಹುದು. ಸಹಿ ಹಾಕುವ ಮೊದಲು ಇದನ್ನೂ ಕೇಳಿ ತಿಳಿದುಕೊಳ್ಳಿ.

● ಸವಣೂರು, ಶಿಗ್ಗಾಂವಿ, ಹಾನಗಲ್ಲ, ಹಿರೇಕೆರೂರಿನವರು ದೊಡ್ಡ ಸರ್ಕಾರಿ ಆಸ್ಪತ್ರೆ ಎಂದರೆ ಮೊದಲಿನಿಂದಲೂ ಕಾಣುವುದು ಹುಬ್ಬಳ್ಳಿಯನ್ನು. ಅಲ್ಲಿನ ಮೆಡಿಕಲ್ ಕಾಲೇಜು 1957ರದು. ಈಗ ಹಾವೇರಿಯಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜಿದೆ. ಎಲ್ಲಿಗೆ ಹೋದರೂ ಮೂರು ಪ್ರಶ್ನೆ ಒಯ್ಯಿರಿ: ಯಾವ ವಿಧಾನ? ನೀವು ಇದನ್ನು ಎಷ್ಟು ಸಲ ಮಾಡಿದ್ದೀರಿ? ಬರೀ ಎಲುಬು ತೆಗೆದರೆ ಸಾಲದೇ? ಮೂರನೆಯದಕ್ಕೆ ಡಾಕ್ಟರ್ ಕೊಡುವ ಕಾರಣವನ್ನು ಗಮನವಿಟ್ಟು ಕೇಳಿ. ಹೆಬ್ಬೆರಳಿನ ಆಕಾರ ಕೆಟ್ಟಿದ್ದರೆ, ಪಕ್ಕದ ಕೀಲೂ ಸವೆದಿದ್ದರೆ, ಹೆಚ್ಚಿನ ಕೆಲಸಕ್ಕೆ ನಿಜವಾದ ಕಾರಣವಿದ್ದೀತು.

● ಆಪರೇಷನ್ ಆದರೆ ರೇಷನ್ ಅಂಗಡಿಯ ಯಂತ್ರ ಹೆಬ್ಬಟ್ಟು ತಗೊಳ್ಳುತ್ತದೆಯೇ? ತಗೊಳ್ಳುತ್ತದೆ. ಕತ್ತರಿ ಬೀಳುವುದು ಬುಡದಲ್ಲಿ, ಗೆರೆಗಳಿರುವುದು ತುದಿಯಲ್ಲಿ. ಪಟ್ಟಿ ಕಟ್ಟಿರುವಷ್ಟು ದಿನ ಇನ್ನೊಂದು ಕೈಯ ಬೆರಳು ಒತ್ತಿ.